ನಾಯಿಯೊಡನೆ ವಾರಾಂತ್ಯದ ಚಾರಣ: ಸಿದ್ಧತೆಯಿಂದ ಮರಳುವವರೆಗೆ

ಎರಡು ದಿನ ಬಿಡುವು ಮಾಡಿಕೊಂಡು ಹಳ್ಳಿಗಾಡಿನ ಗುಡ್ಡ, ಹುಲ್ಲುಗಾವಲು, ತೊರೆಗಳ ನಡುವೆ ನಡೆದು ಬರುವುದಕ್ಕೆ ನಾಯಿಗಿಂತ ಉತ್ಸಾಹಿಯಾದ ಜೊತೆಗಾರ ಸಿಗುವುದು ಕಷ್ಟ. ತೊಂದರೆ ಇರುವುದೂ ಆ ಉತ್ಸಾಹದಲ್ಲೇ. ಮನುಷ್ಯ ದಣಿದರೆ ಕುಳಿತುಬಿಡುತ್ತಾನೆ, ಇಲ್ಲವೇ ಗೊಣಗುತ್ತಾನೆ. ನಾಯಿಯಾದರೋ ಸಾಕಿದವರು ಮುಂದೆ ನಡೆಯುತ್ತಿರುವವರೆಗೂ ಹಿಂದೆ ಉಳಿಯಲು ಒಪ್ಪುವುದಿಲ್ಲ. ಅಂಗಾಲು ಸವೆದಿದ್ದರೂ, ಮೈ ಕಾದಿದ್ದರೂ ಬಾಲ ಆಡಿಸುತ್ತಲೇ ಬರುತ್ತದೆ, ಕೊನೆಗೊಮ್ಮೆ ಕುಸಿಯುತ್ತದೆ. ಆದ್ದರಿಂದ ಎಷ್ಟು ದೂರ ಸಾಕು, ಎಲ್ಲಿ ನಿಲ್ಲಬೇಕು, ಯಾವಾಗ ಹಿಂದಿರುಗಬೇಕು ಎಂಬ ತೀರ್ಮಾನಗಳನ್ನು ಅದರ ಪರವಾಗಿ ನಾವೇ ಮಾಡಬೇಕು. ಅವುಗಳಲ್ಲಿ ಹೆಚ್ಚಿನವನ್ನು ಮನೆಯಲ್ಲಿ ಕುಳಿತು, ಹೊರಡುವುದಕ್ಕೆ ಕೆಲವು ವಾರಗಳ ಮೊದಲೇ ಮಾಡಬಹುದು.

ನಾಯಿಯ ವಯಸ್ಸು, ಮೈಕಟ್ಟು, ರೂಢಿ

ಮೊದಲು ನೋಡಬೇಕಾದದ್ದು ವಯಸ್ಸು. ಬೆಳೆಯುತ್ತಿರುವ ಮರಿಯ ಮೂಳೆಗಳ ತುದಿಯಲ್ಲಿ ಮೆದುವಾದ ಬೆಳವಣಿಗೆಯ ಭಾಗವಿರುತ್ತದೆ. ಅದು ಪೂರ್ತಿ ಗಟ್ಟಿಯಾಗಲು ಸಣ್ಣ ತಳಿಗಳಲ್ಲಿ ಸುಮಾರು ಒಂದು ವರ್ಷವೂ, ದೊಡ್ಡ ತಳಿಗಳಲ್ಲಿ ಒಂದೂವರೆ ವರ್ಷದವರೆಗೂ ಬೇಕು. ಅದಕ್ಕೆ ಮುಂಚೆ ಗಂಟೆಗಟ್ಟಲೆ ಏರಿಳಿತ ಮಾಡಿಸಿದರೆ, ಎತ್ತರದ ಬಂಡೆಗಳಿಂದ ಪದೇ ಪದೇ ಜಿಗಿಸಿದರೆ ಕೀಲುಗಳಿಗೆ ಪೆಟ್ಟಾಗುವ ಸಾಧ್ಯತೆ ಇದೆ. ಮರಿಗೆ ಸಮತಟ್ಟಾದ ದಾರಿಯ ಸಣ್ಣ ನಡಿಗೆ ಸಾಕು, ಗುಡ್ಡ ಎಲ್ಲಿಗೂ ಹೋಗುವುದಿಲ್ಲ. ಮುದಿ ನಾಯಿಯನ್ನು ಬಿಟ್ಟು ಹೋಗಲೇಬೇಕೆಂದೇನೂ ಇಲ್ಲ; ಸಂಧಿವಾತ, ಹೃದಯದ ತೊಂದರೆ ಇಲ್ಲವೆಂದು ಪಶುವೈದ್ಯರು ಹೇಳಿದರೆ ಅದಕ್ಕೊಪ್ಪುವ ದಾರಿಯನ್ನು ಆರಿಸಿಕೊಳ್ಳಬಹುದು.

ಎರಡನೆಯದು ಮುಖದ ಆಕಾರ. ಪಗ್, ಬುಲ್‌ಡಾಗ್, ಬಾಕ್ಸರ್‌ನಂತಹ ಮೊಂಡು ಮೂಗಿನ ತಳಿಗಳು ಏದುಸಿರಿನಿಂದ ಮೈ ತಣಿಸಿಕೊಳ್ಳುವುದರಲ್ಲಿ ಬಹಳ ಹಿಂದೆ. ಬಿಸಿಲಿನ ಏರುದಾರಿ ಅವಕ್ಕೆ ನಿಜವಾಗಿಯೂ ಪ್ರಾಣಾಪಾಯ. ದಟ್ಟ ತುಪ್ಪಳದ ನಾಯಿಗಳಿಗೂ ಮೈ ತುಂಬಿಕೊಂಡ ನಾಯಿಗಳಿಗೂ ಸೆಖೆ ಬೇಗ ತಟ್ಟುತ್ತದೆ. ಕಾಲು ಗಿಡ್ಡವಾದ ನಾಯಿ ನಡೆಯಲಾರದೆಂದಲ್ಲ, ಆದರೆ ನಾವು ಒಂದು ಹೆಜ್ಜೆ ಇಡುವಲ್ಲಿ ಅದು ಹಲವು ಹೆಜ್ಜೆ ಇಡುತ್ತದೆ ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಂಡಿರಬೇಕು.

ದಿನಕ್ಕೆ ಎರಡು ಬಾರಿ ಬೀದಿಯ ಕೊನೆಯವರೆಗೆ ಹೋಗಿಬರುವ ನಾಯಿಯನ್ನು ಶನಿವಾರ ಬೆಳಿಗ್ಗೆ ಏಕಾಏಕಿ ಹದಿನೈದು ಕಿಲೋಮೀಟರ್ ನಡೆಸುವುದು ಸರಿಯಲ್ಲ. ನಾಲ್ಕರಿಂದ ಆರು ವಾರ ಮುಂಚಿತವಾಗಿ ನಡಿಗೆಯ ಅವಧಿಯನ್ನು ವಾರವಾರವೂ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಬನ್ನಿ. ಅದರಲ್ಲಿ ಕೆಲವಾದರೂ ಮಣ್ಣು, ಜಲ್ಲಿ, ಕಲ್ಲುಗಳ ಮೇಲೆ ಇರಲಿ. ದಮ್ಮು, ಸ್ನಾಯುಗಳು ಬಲಗೊಳ್ಳುವ ಹಾಗೆಯೇ ಅಂಗಾಲಿನ ಮೆತ್ತೆಯ ಚರ್ಮವೂ ಒರಟು ನೆಲಕ್ಕೆ ಹೊಂದಿಕೊಂಡು ದಪ್ಪವಾಗಬೇಕು. ಹುಲ್ಲುಹಾಸಿನ ಮೇಲೆ, ಮನೆಯ ನುಣುಪು ನೆಲದ ಮೇಲೆ ಬೆಳೆದ ನಾಯಿಗೆ ಮೊದಲು ಸೋಲುವುದು ಕಾಲಿನ ಸ್ನಾಯುಗಳಲ್ಲ, ಅಂಗಾಲು. ಎರಡು ದಿನಗಳ ಚಾರಣವಾದ್ದರಿಂದ, ಹೊರಡುವ ಮೊದಲು ಒಮ್ಮೆಯಾದರೂ ಸತತ ಎರಡು ದಿನ ನಡೆಸಿ ನೋಡಿ. ಎರಡನೆಯ ಬೆಳಿಗ್ಗೆ ಅದು ಹೇಗೆ ಎದ್ದು ನಿಲ್ಲುತ್ತದೆ ಎಂಬುದೇ ಅದರ ಸಾಮರ್ಥ್ಯದ ಸರಿಯಾದ ಅಳತೆ.

ಪಶುವೈದ್ಯರ ಬಳಿ

ಹೊರಡುವ ಹಿಂದಿನ ದಿನ ವೈದ್ಯರ ಬಳಿ ಓಡುವುದರಿಂದ ಪ್ರಯೋಜನ ಕಡಿಮೆ. ರೇಬಿಸ್ ಲಸಿಕೆ ಮೊದಲ ಬಾರಿ ಹಾಕಿಸುವುದಾದರೆ ಅದರಿಂದ ರಕ್ಷಣೆ ಮೂಡಲು ಮೂರು ನಾಲ್ಕು ವಾರಗಳು ಬೇಕು. ಲೆಪ್ಟೊಸ್ಪೈರೋಸಿಸ್, ಅಂದರೆ ನಾವು ಇಲಿಜ್ವರ ಎನ್ನುವ ಕಾಯಿಲೆಯ ಲಸಿಕೆಯನ್ನು ಮೊದಲ ಸಲ ಕೆಲವು ವಾರಗಳ ಅಂತರದಲ್ಲಿ ಎರಡು ಬಾರಿ ಕೊಡುತ್ತಾರೆ, ಆಮೇಲೆ ವರ್ಷಕ್ಕೊಮ್ಮೆ. ಹಳ್ಳಿಗಾಡಿನ ಹೊಂಡ, ಕೆಸರು, ನಿಂತ ನೀರಿನಲ್ಲಿ ಇಲಿ ಮತ್ತಿತರ ಪ್ರಾಣಿಗಳ ಮೂತ್ರದ ಮೂಲಕ ಬರುವ ಈ ರೋಗಾಣು ಮನುಷ್ಯರಿಗೂ ತಗಲುವುದರಿಂದ ಈ ಲಸಿಕೆಯನ್ನು ಬಿಡದೆ ಹಾಕಿಸುವುದು ಲೇಸು. ಜಂತುಹುಳುವಿನ ಔಷಧಿಯ ವೇಳಾಪಟ್ಟಿಯನ್ನೂ ಅದೇ ಭೇಟಿಯಲ್ಲಿ ಸರಿಪಡಿಸಿಕೊಳ್ಳಬಹುದು.

ಉಣುಗುಗಳ ವಿಷಯ ಬೇರೆಯೇ. ಹುಲ್ಲಿನ ತುದಿಯಲ್ಲಿ ಕಾದು ಕುಳಿತು, ಹಾದುಹೋಗುವ ಪ್ರಾಣಿಯ ಮೈಗೆ ಅಂಟಿಕೊಳ್ಳುವ ಇವು ಲೈಮ್, ಎರ್ಲಿಕಿಯೋಸಿಸ್, ಬಬೀಸಿಯೋಸಿಸ್ ಮುಂತಾದ ಕಾಯಿಲೆಗಳನ್ನು ಹರಡುತ್ತವೆ. ತಡೆಗಟ್ಟಲು ಮಾತ್ರೆಯಿದೆ, ಕುತ್ತಿಗೆಯ ಹಿಂದೆ ಸುರಿಯುವ ಹನಿ ಔಷಧಿಯಿದೆ, ಔಷಧಿ ತುಂಬಿದ ಕೊರಳಪಟ್ಟಿಯೂ ಇದೆ. ಹನಿ ಔಷಧಿ ಚರ್ಮದ ಮೇಲೆಲ್ಲ ಹರಡಿಕೊಳ್ಳಲು ಒಂದೆರಡು ದಿನ ಹಿಡಿಯುವುದರಿಂದ ಅದನ್ನು ಕೆಲವು ದಿನ ಮುಂಚೆ ಹಾಕಬೇಕು. ಹಾಕಿದ ಕೂಡಲೇ ಸ್ನಾನ ಮಾಡಿಸಬಾರದು. ಮನೆಯಲ್ಲಿ ಬೆಕ್ಕೂ ಇದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ನಾಯಿಗೆಂದು ಮಾಡಿದ ಕೆಲವು ಉಣುಗು ಔಷಧಿಗಳಲ್ಲಿರುವ ಪರ್ಮೆತ್ರಿನ್ ಎಂಬ ಕೀಟನಾಶಕ ಬೆಕ್ಕಿಗೆ ವಿಷ. ಮನುಷ್ಯರು ಮೈಗೆ ಹಚ್ಚಿಕೊಳ್ಳುವ ಸೊಳ್ಳೆ ನಿವಾರಕವನ್ನು ನಾಯಿಗೆ ಹಚ್ಚಬಾರದು, ಅದು ನೆಕ್ಕಿಕೊಂಡೇ ತೀರುತ್ತದೆ.

ಗುರುತಿನ ಮೈಕ್ರೋಚಿಪ್ ಹಾಕಿಸಿದ್ದರೆ ಅದರ ಹದಿನೈದು ಅಂಕಿಗಳ ಸಂಖ್ಯೆಯ ಜೊತೆಗೆ ನೋಂದಣಿಯಾಗಿರುವ ಫೋನ್ ಸಂಖ್ಯೆ ಇಂದಿನದೇ ಹೌದೇ ಎಂದು ಪರಿಶೀಲಿಸಿ. ಚಿಪ್ ಇದ್ದರೆ ನಾಯಿ ಎಲ್ಲಿದೆಯೆಂದು ಫೋನಿನಲ್ಲಿ ಕಾಣುತ್ತದೆ ಎಂದು ಹಲವರು ನಂಬಿದ್ದಾರೆ, ಅದು ತಪ್ಪು. ಯಾರಾದರೂ ನಾಯಿಯನ್ನು ಹಿಡಿದು, ಚಿಪ್ ಓದುವ ಯಂತ್ರವಿರುವ ಕಡೆಗೆ ಒಯ್ದರಷ್ಟೇ ಅದು ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಕೊರಳಪಟ್ಟಿಯಲ್ಲಿ ಫೋನ್ ಸಂಖ್ಯೆ ಕೆತ್ತಿದ ಬಿಲ್ಲೆಯೂ ಇರಲೇಬೇಕು.

ಕರೆದರೆ ಬರುವ ನಾಯಿ

ಮನೆಯ ಅಂಗಳದಲ್ಲಿ ಕರೆದಾಗ ಓಡಿಬರುವ ನಾಯಿ, ಜಿಂಕೆಯೊಂದು ಪೊದೆಯಿಂದ ಹಾರಿದ ಕ್ಷಣದಲ್ಲೂ ಬರುತ್ತದೆಯೇ ಎಂಬುದು ಪ್ರಶ್ನೆ. ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ "ಗೊತ್ತಿಲ್ಲ" ಎಂದಾದರೆ ಎರಡು ದಿನವೂ ಲೀಶ್, ಅಂದರೆ ನಾಯಿಯನ್ನು ಹಿಡಿದು ನಡೆಸುವ ಹಗ್ಗ, ಬಿಚ್ಚಬಾರದು. ಕರೆಗೆ ಬರುವುದರ ಜೊತೆಗೆ ಇನ್ನೆರಡು ಆಜ್ಞೆಗಳು ದಾರಿಯಲ್ಲಿ ಬಹಳ ಕೆಲಸಕ್ಕೆ ಬರುತ್ತವೆ: ಬಾಯಿ ಹಾಕಲು ಹೊರಟದ್ದನ್ನು ಅಲ್ಲೇ ಬಿಡುವುದು, ಹೇಳಿದಲ್ಲಿ ಕದಲದೆ ನಿಲ್ಲುವುದು. ಸತ್ತ ಪ್ರಾಣಿ, ಇಲಿ ಪಾಷಾಣ, ಯಾರೋ ಎಸೆದುಹೋದ ತಿಂಡಿಯ ಪೊಟ್ಟಣ, ಹಾವು, ಇವೆಲ್ಲವುಗಳ ವಿಷಯದಲ್ಲೂ "ಬಿಡು" ಎಂಬ ಒಂದು ಮಾತಿಗೆ ನಾಯಿ ಕಿವಿಗೊಟ್ಟರೆ ಔಷಧಿಯ ಪೆಟ್ಟಿಗೆ ತೆರೆಯುವ ಪ್ರಸಂಗವೇ ಬರುವುದಿಲ್ಲ. ಇವನ್ನು ಮೊದಲು ಮನೆಯಲ್ಲಿ, ನಂತರ ಬೀದಿಯಲ್ಲಿ, ಆಮೇಲೆ ಬೇರೆ ನಾಯಿಗಳಿರುವ ಬಯಲಿನಲ್ಲಿ ಹಂತಹಂತವಾಗಿ ಕಲಿಸಬೇಕು. ಹೊಸ ಜಾಗದಲ್ಲಿ ನಾಯಿ ಹಳೆಯ ಪಾಠವನ್ನು ಮರೆತಂತೆ ವರ್ತಿಸುವುದು ಸಹಜ.

ದಾರಿ ಮತ್ತು ತಂಗುವ ಜಾಗ

ದಾರಿ ಆರಿಸುವಾಗ ಮೊದಲು ತಿಳಿಯಬೇಕಾದದ್ದು ಅಲ್ಲಿ ನಾಯಿಗೆ ಪ್ರವೇಶವಿದೆಯೇ ಎಂಬುದು. ವನ್ಯಜೀವಿಗಳಿಗೆ ಮೀಸಲಾದ ಪ್ರದೇಶಗಳಲ್ಲಿ ಬಹಳಷ್ಟು ಕಡೆ ನಾಯಿಗಳನ್ನು ಬಿಡುವುದಿಲ್ಲ, ಬಿಟ್ಟರೂ ಲೀಶ್ ಕಡ್ಡಾಯ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಮರಿ ಮಾಡುವ ತಿಂಗಳುಗಳಲ್ಲಿ ಕೆಲವು ದಾರಿಗಳನ್ನು ಮುಚ್ಚುವುದೂ ಉಂಟು. ಈ ನಿಯಮಗಳನ್ನು ಆ ಜಾಗದ ಮೇಲುಸ್ತುವಾರಿ ನೋಡುವವರಿಂದಲೇ ಕೇಳಿ ತಿಳಿಯಬೇಕು, ಹಿಂದೆ ಹೋಗಿಬಂದವರ ನೆನಪನ್ನು ನೆಚ್ಚಬಾರದು.

ನಡಿಗೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಂದಾಜಿಸಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದರ ಪ್ರಕಾರ 10 ಕಿಲೋಮೀಟರ್ ದೂರದ, 600 ಮೀಟರ್ ಏರುವ ದಾರಿಗೆ ಮೂರು ಗಂಟೆ ಬೇಕು. ಆದರೆ ಇದು ನಡೆದು ರೂಢಿಯಿರುವ, ಎಲ್ಲಿಯೂ ನಿಲ್ಲದ ಮನುಷ್ಯನ ಲೆಕ್ಕ. ನಾಯಿ ಮೂಸುತ್ತದೆ, ನೀರು ಕುಡಿಯುತ್ತದೆ, ನೆರಳು ಕಂಡಲ್ಲಿ ಮಲಗುತ್ತದೆ. ಬಂದ ಉತ್ತರಕ್ಕೆ ಅರ್ಧದಷ್ಟನ್ನಾದರೂ ಸೇರಿಸಿಕೊಂಡು, ಕತ್ತಲಾಗುವುದಕ್ಕೆ ಎರಡು ಗಂಟೆ ಮುಂಚೆ ಬಿಡಾರ ತಲುಪುವಂತೆ ಯೋಜಿಸುವುದು ಒಳ್ಳೆಯದು. ಮೊದಲ ಸಲ ಹೊರಡುವವರು ಹೋದ ದಾರಿಯಲ್ಲೇ ಮರಳುವಂತಹ ನಡಿಗೆಯನ್ನು ಆರಿಸಿಕೊಳ್ಳಲಿ. ಸುತ್ತು ಹಾಕಿ ಬರುವ ದಾರಿಯಲ್ಲಿ ಅರ್ಧ ದಾಟಿದ ಮೇಲೆ ಹಿಂದಕ್ಕೆ ಹೋದರೂ ಅಷ್ಟೇ ದೂರ, ಮುಂದಕ್ಕೆ ಹೋದರೂ ಅಷ್ಟೇ ದೂರ. ಬಂದ ದಾರಿಯಲ್ಲಾದರೆ ಯಾವ ಗಳಿಗೆಯಲ್ಲಾದರೂ ತಿರುಗಬಹುದು.

ನಕ್ಷೆಯಲ್ಲಿ ನಾಯಿಯ ಕಣ್ಣಿನಿಂದ ನೋಡಬೇಕಾದ ಸಂಗತಿಗಳು ಬೇರೆ. ನೆರಳು ಎಲ್ಲಿದೆ, ಹರಿಯುವ ನೀರು ಎಲ್ಲಿ ಸಿಗುತ್ತದೆ, ಕಬ್ಬಿಣದ ಏಣಿ ಅಥವಾ ಕಡಿದಾದ ಬಂಡೆ ಹತ್ತಬೇಕೇ, ದನ ಕುರಿಗಳ ಮೇವಿನ ಬಯಲು ದಾಟಬೇಕೇ, ಟಾರು ರಸ್ತೆಯ ಮೇಲೆ ಎಷ್ಟು ದೂರ ನಡೆಯಬೇಕು, ಇವನ್ನೆಲ್ಲ ಗುರುತು ಮಾಡಿಕೊಳ್ಳಿ. ನಾಯಿಯನ್ನು ಎತ್ತಿಕೊಂಡು ಹೋಗಬೇಕಾಗಿ ಬಂದರೆ ಎಷ್ಟು ದೂರ ಎತ್ತಿಕೊಂಡು ಹೋಗಬಲ್ಲಿರಿ ಎಂದು ಒಮ್ಮೆ ಯೋಚಿಸಿ. ಮೂವತ್ತು ಕೆಜಿ ತೂಗುವ ನಾಯಿಯ ವಿಷಯದಲ್ಲಿ ಈ ಒಂದು ಪ್ರಶ್ನೆಯೇ ಅರ್ಧದಷ್ಟು ದಾರಿಗಳನ್ನು ಪಟ್ಟಿಯಿಂದ ತೆಗೆದುಹಾಕುತ್ತದೆ.

ತಂಗುವ ಜಾಗವನ್ನು ಕಾದಿರಿಸುವಾಗ "ನಾಯಿಗೆ ಅವಕಾಶವಿದೆ" ಎಂಬ ಒಂದು ಸಾಲಿಗೆ ತೃಪ್ತರಾಗಬೇಡಿ. ಕೋಣೆಯೊಳಗೆ ಬಿಡುತ್ತಾರೆಯೇ ಅಥವಾ ಹೊರಗೆ ಕಟ್ಟಬೇಕೇ, ಆ ಮನೆಯವರದ್ದೇ ನಾಯಿ ಅಲ್ಲಿದೆಯೇ, ಅಂಗಳಕ್ಕೆ ಬೇಲಿ ಇದೆಯೇ, ನಾಯಿಗೆಂದು ಬೇರೆ ಹಣ ಕೊಡಬೇಕೇ ಎಂದು ಮೊದಲೇ ಕೇಳಿ, ಸಾಧ್ಯವಾದರೆ ಬರಹದಲ್ಲಿ ಪಡೆಯಿರಿ. ಅಲ್ಲಿಂದ ಹತ್ತಿರದ ಪಶುವೈದ್ಯಾಲಯ ಯಾವುದು, ಭಾನುವಾರ ಮತ್ತು ರಾತ್ರಿ ತೆರೆದಿರುತ್ತದೆಯೇ ಎಂದು ವಿಚಾರಿಸಿ ಫೋನ್ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಗುಡ್ಡದ ಮರೆಯಲ್ಲಿ ಅಂತರ್ಜಾಲ ಸಿಗುತ್ತದೆಂಬ ಭರವಸೆ ಇಲ್ಲ.

ಚೀಲದಲ್ಲಿ ಏನಿರಬೇಕು

ಮೈಗೆ ಸರಿಯಾಗಿ ಕೂರುವ ಹಾರ್ನೆಸ್, ಅಂದರೆ ಎದೆ ಬೆನ್ನುಗಳನ್ನು ಬಳಸುವ ಪಟ್ಟಿ, ಎಲ್ಲಕ್ಕಿಂತ ಮುಖ್ಯ. ಇಳಿಜಾರಿನಲ್ಲಿ ನಾಯಿ ಜಾರಿದರೆ ಕೊರಳಪಟ್ಟಿಯಲ್ಲಿ ಹಿಡಿದೆಳೆಯುವುದು ಅಪಾಯ. ಬೆನ್ನ ಮೇಲೆ ಹಿಡಿಯಿರುವ ಹಾರ್ನೆಸ್ ಆದರೆ ಬಂಡೆಯ ಮೇಲಕ್ಕೆ ಎತ್ತಿಕೊಳ್ಳಲೂ ಬರುತ್ತದೆ. ಪಟ್ಟಿ ಮತ್ತು ಮೈಯ ನಡುವೆ ಎರಡು ಬೆರಳು ತೂರುವಷ್ಟು ಸಡಿಲವಿರಲಿ, ಕಂಕುಳಲ್ಲಿ ಉಜ್ಜದಿರಲಿ. ಹೊಸದನ್ನು ಚಾರಣದ ದಿನವೇ ಮೊದಲ ಬಾರಿ ತೊಡಿಸಬೇಡಿ. ಲೀಶ್ ಎರಡು ಮೀಟರಿಗಿಂತ ಉದ್ದ ಬೇಡ. ಗುಂಡಿ ಒತ್ತಿದರೆ ಸರ್ರನೆ ಉದ್ದವಾಗುವ ಸುರುಳಿ ಲೀಶ್ ಊರಿನ ಉದ್ಯಾನಕ್ಕೆ ಸರಿ, ಪೊದೆ ಮರಗಳಿರುವ ದಾರಿಗೆ ಅಲ್ಲ. ತೆಳುವಾದ ದಾರ ಕಾಲಿಗೋ ಬೊಡ್ಡೆಗೋ ಸುತ್ತಿಕೊಂಡು ಕೊಯ್ಯುತ್ತದೆ.

ನೀರಿನ ಲೆಕ್ಕ ಹೀಗೆ ಹಾಕಬಹುದು. ವಿಶ್ರಾಂತಿಯಲ್ಲಿರುವ ನಾಯಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ ಸುಮಾರು 50ರಿಂದ 60 ಮಿಲಿಲೀಟರ್ ನೀರು ಬೇಕು, ಅಂದರೆ 20 ಕೆಜಿ ತೂಗುವ ನಾಯಿಗೆ ಒಂದು ಲೀಟರಿನಿಂದ 1.2 ಲೀಟರ್. ಏರುದಾರಿಯಲ್ಲಿ, ಸೆಖೆಯಲ್ಲಿ ಇದರ ಎರಡು ಪಟ್ಟು ಬೇಕಾಗಬಹುದು. ದಾರಿಯಲ್ಲಿ ತೊರೆ ಇದೆಯೆಂದು ನಕ್ಷೆ ಹೇಳಿದರೂ ನಿಮ್ಮ ನೀರಿನ ಜೊತೆಗೆ ನಾಯಿಯ ನೀರನ್ನೂ ಹೊತ್ತುಕೊಂಡೇ ಹೊರಡಿ, ಬೇಸಿಗೆಯ ತೊರೆಗಳು ನಕ್ಷೆಯಲ್ಲಿ ಮಾತ್ರ ಹರಿಯುವುದುಂಟು. ಮಡಚಿಡುವ ಬಟ್ಟಲು ಹಗುರ.

ಆಹಾರವನ್ನು ಬದಲಿಸಬೇಡಿ. ಮನೆಯಲ್ಲಿ ತಿನ್ನುವುದನ್ನೇ ಅಳೆದು, ಒಂದು ಹೊತ್ತಿನದನ್ನು ಹೆಚ್ಚಾಗಿಯೇ ಕಟ್ಟಿಕೊಳ್ಳಿ. ನಮ್ಮ ಬುತ್ತಿಯಲ್ಲಿರುವ ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಜೈಲಿಟಾಲ್ ಎಂಬ ಸಿಹಿಕಾರಕ, ಇವೆಲ್ಲ ನಾಯಿಗೆ ವಿಷವೆಂಬುದು ಜೊತೆಗೆ ಬರುವ ಸ್ನೇಹಿತರಿಗೂ ಮಕ್ಕಳಿಗೂ ತಿಳಿದಿರಲಿ. ಚಾರಣಿಗರು ಇಷ್ಟಪಟ್ಟು ಒಯ್ಯುವ ಒಣಹಣ್ಣುಗಳ ಮಿಶ್ರಣದಲ್ಲಿ ಇವುಗಳಲ್ಲಿ ಎರಡಾದರೂ ಇರುತ್ತವೆ.

ಪ್ರಥಮ ಚಿಕಿತ್ಸೆಯ ಪೊಟ್ಟಣದಲ್ಲಿ ಗಾಜ್ ಬಟ್ಟೆ, ತನಗೆ ತಾನೇ ಅಂಟಿಕೊಳ್ಳುವ ಬ್ಯಾಂಡೇಜ್ ಸುರುಳಿ, ಗಾಯ ತೊಳೆಯಲು ಸಲೈನ್, ಮೊನಚು ತುದಿಯ ಚಿಮಟ, ಮೊಂಡು ತುದಿಯ ಕತ್ತರಿ, ಒಂದು ಹಳೆಯ ಕಾಲುಚೀಲ, ನೋವಾದಾಗ ಕಚ್ಚದಂತೆ ಹಾಕುವ ಬಾಯಿಪಟ್ಟಿ ಇರಲಿ. ಎಷ್ಟು ಸಾಧು ನಾಯಿಯಾದರೂ ನೋವಿನಲ್ಲಿ ಸಾಕಿದವರನ್ನೂ ಕಚ್ಚಬಲ್ಲದು, ಅದರಲ್ಲಿ ಅದರ ತಪ್ಪೇನೂ ಇಲ್ಲ. ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂತಹ ಮನುಷ್ಯರ ನೋವಿನ ಮಾತ್ರೆಗಳನ್ನು ಯಾವ ಕಾರಣಕ್ಕೂ ನಾಯಿಗೆ ಕೊಡಬಾರದು.

ನಾಯಿಯ ಬೆನ್ನಿಗೇ ಚೀಲ ಕಟ್ಟಬಹುದೇ? ಪೂರ್ಣ ಬೆಳೆದ, ಆರೋಗ್ಯವಂತ ನಾಯಿ ತನ್ನ ತೂಕದ ಹತ್ತರಲ್ಲಿ ಒಂದು ಭಾಗವನ್ನು ನಿರಾಯಾಸವಾಗಿ ಹೊರುತ್ತದೆ; ರೂಢಿಯಾದ ಮೇಲೆ ಸ್ವಲ್ಪ ಹೆಚ್ಚಿಸಬಹುದು. ಎರಡೂ ಬದಿಯ ಭಾರ ಸಮವಾಗಿರಬೇಕು. ಹಾಗಿದ್ದರೂ ನೀರನ್ನು ಮಾತ್ರ ನೀವೇ ಹೊರುವುದು ಮೇಲು, ಏಕೆಂದರೆ ನಾಯಿ ಚೀಲದ ಸಮೇತ ಹೊಂಡಕ್ಕಿಳಿದು ಕೂರುವುದನ್ನು ಯಾರೂ ತಡೆಯಲಾರರು.

ಊರು ಬಿಡುವ ದಿನ

ವಾಹನದಲ್ಲಿ ನಾಯಿ ಪಂಜರದಲ್ಲಿರಲಿ, ಇಲ್ಲವೇ ಸೀಟು ಬೆಲ್ಟಿಗೆ ಸಿಕ್ಕಿಸುವ ಹಾರ್ನೆಸ್‌ನಲ್ಲಿರಲಿ. ಹೊಟ್ಟೆ ತೊಳೆಸುವ ನಾಯಿಗೆ ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಹಗುರವಾಗಿ ಉಣಿಸಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಇಳಿಸಬೇಕು. ಬಾಗಿಲು ತೆಗೆಯುವ ಮೊದಲು ಲೀಶ್ ಕೈಯಲ್ಲಿರಬೇಕು.

ಐದು ನಿಮಿಷದ ಕೆಲಸಕ್ಕೆಂದು ನಾಯಿಯನ್ನು ಮುಚ್ಚಿದ ಕಾರಿನಲ್ಲಿ ಬಿಡುವುದು ಮಾತ್ರ ಬೇಡವೇ ಬೇಡ. ಹೊರಗೆ ಹಿತವಾದ 21 ಡಿಗ್ರಿ ಸೆಲ್ಸಿಯಸ್ ಇದ್ದಾಗಲೂ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಹತ್ತು ನಿಮಿಷದಲ್ಲಿ ಸುಮಾರು 32, ಅರ್ಧ ಗಂಟೆಯಲ್ಲಿ ಸುಮಾರು 40 ಡಿಗ್ರಿಗೆ ಏರುತ್ತದೆ. ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿಡುವುದರಿಂದ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಆಗುವುದಿಲ್ಲ.

ನಡಿಗೆಯಲ್ಲಿ: ಸೆಖೆ, ನೀರು, ಅಂಗಾಲು

ಬೆಳಿಗ್ಗೆ ಬೇಗ ಹೊರಟು, ಮಧ್ಯಾಹ್ನದ ಹೊತ್ತನ್ನು ನೆರಳಿನಲ್ಲಿ ಕಳೆದು, ಇಳಿಹೊತ್ತಿನಲ್ಲಿ ಉಳಿದದ್ದನ್ನು ನಡೆಯುವುದು ನಾಯಿಯೊಡನೆ ನಡೆಯುವವರಿಗೆ ಹೊಂದುವ ಕ್ರಮ. ಹೊರಡುವ ಎರಡು ಗಂಟೆ ಮೊದಲೇ ಊಟ ಮುಗಿದಿರಬೇಕು. ಬಿಡಾರ ತಲುಪಿದ ಮೇಲೂ ಉಸಿರು ಪೂರ್ತಿ ಶಾಂತವಾದ ನಂತರವೇ ಬಟ್ಟಲು ಇಡಬೇಕು. ಎದೆ ಆಳವಾಗಿರುವ ದೊಡ್ಡ ತಳಿಗಳಲ್ಲಿ ಹೊಟ್ಟೆ ಗಾಳಿಯಿಂದ ಉಬ್ಬಿ ತಿರುಚಿಕೊಳ್ಳುವ ಭೀಕರ ಸ್ಥಿತಿಯೊಂದಿದೆ, ಊಟದ ಆಸುಪಾಸಿನ ಜೋರು ಓಟ ಅದಕ್ಕೆ ದಾರಿ ಮಾಡಬಹುದು. ಹೊಟ್ಟೆ ಊದಿ, ನಾಯಿ ವಾಂತಿ ಮಾಡಲು ಯತ್ನಿಸಿಯೂ ಏನೂ ಹೊರಬರದೆ ಒದ್ದಾಡುತ್ತಿದ್ದರೆ ಅದು ಕಾದು ನೋಡುವ ಕಾಯಿಲೆಯಲ್ಲ, ಆ ಕೂಡಲೇ ಆಸ್ಪತ್ರೆಗೆ ಹೊರಡಬೇಕು.

ನಾಯಿ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ. ಅದರ ಬೆವರಿನ ಗ್ರಂಥಿಗಳು ಮುಖ್ಯವಾಗಿ ಅಂಗಾಲಿನಲ್ಲಿವೆ, ಮೈ ತಣಿಯುವುದು ಬಹುಪಾಲು ಏದುಸಿರಿನಿಂದಲೇ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನಾಲಿಗೆಯ ಮೇಲಿನ ನೀರು ಆವಿಯಾಗದೆ ಈ ಒಂದು ದಾರಿಯೂ ಮುಚ್ಚಿಹೋಗುತ್ತದೆ. ಮೋಡ ಮುಸುಕಿದ ಧಗೆಯ ದಿನವೂ ಬಿಸಿಲಿನ ದಿನದಷ್ಟೇ ಅಪಾಯಕಾರಿ ಎನ್ನುವುದು ಇದಕ್ಕೇ. ನಾಯಿಯ ಸಹಜ ದೇಹತಾಪ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿದರೆ ಒಳಾಂಗಗಳು ಹಾಳಾಗತೊಡಗುತ್ತವೆ. ಅಳೆಯುವ ಸಾಧನವಿಲ್ಲದೆಯೂ ಕಣ್ಣಿಗೆ ಕಾಣುವ ಲಕ್ಷಣಗಳಿವೆ. ನಾಲಿಗೆ ಅಗಲವಾಗಿ ಚಮಚದಂತೆ ಹೊರಚಾಚುತ್ತದೆ, ನಿಂತಲ್ಲಿ ಕೆಲವು ನಿಮಿಷ ನಿಂತರೂ ಏದುಸಿರು ಇಳಿಯುವುದಿಲ್ಲ, ಜೊಲ್ಲು ದಪ್ಪಗಾಗುತ್ತದೆ, ಒಸಡು ಗಾಢ ಕೆಂಪಾಗುತ್ತದೆ, ನೆರಳು ಕಂಡಲ್ಲೆಲ್ಲ ನಾಯಿ ಹಿಂದುಳಿಯುತ್ತದೆ. ಈ ಹಂತದಲ್ಲೇ ನಿಲ್ಲಿಸಬೇಕು. ಹೆಜ್ಜೆ ತಪ್ಪುವುದು, ವಾಂತಿ, ಕುಸಿಯುವುದು ಇದರ ಮುಂದಿನ ಹಂತ.

ಆಗ ಮಾಡಬೇಕಾದದ್ದು ಇಷ್ಟು: ನೆರಳಿಗೆ ಒಯ್ಯಿರಿ, ಕೈಯಲ್ಲಿರುವ ತಣ್ಣೀರನ್ನು ಕುತ್ತಿಗೆ, ಎದೆ, ಹೊಟ್ಟೆ, ತೊಡೆಸಂದುಗಳ ಮೇಲೆ ಧಾರಾಳವಾಗಿ ಸುರಿಯಿರಿ, ಟೊಪ್ಪಿಯಿಂದಲೋ ನಕ್ಷೆಯಿಂದಲೋ ಬಿಡದೆ ಗಾಳಿ ಹಾಕಿರಿ. ಪ್ರಜ್ಞೆಯಿದ್ದರೆ ಗುಟುಕು ಗುಟುಕಾಗಿ ಕುಡಿಯಲು ಬಿಡಿ, ಬಲವಂತವಾಗಿ ಬಾಯಿಗೆ ಹೊಯ್ಯಬೇಡಿ. ಒದ್ದೆ ಬಟ್ಟೆಯನ್ನು ಮೈಮೇಲೆ ಹೊದಿಸಿ ಹಾಗೆಯೇ ಬಿಟ್ಟರೆ ಅದು ಬೇಗ ಬೆಚ್ಚಗಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ, ಹಾಗೆ ಮಾಡಬೇಡಿ. ಮೊದಲು ತಣಿಸಿ, ಆಮೇಲೆ ಸಾಗಿಸುವುದು ಸರಿಯಾದ ಕ್ರಮ. ನಾಯಿ ಚೇತರಿಸಿಕೊಂಡಂತೆ ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಬೇಕು; ಮೂತ್ರಪಿಂಡ, ರಕ್ತ ಹೆಪ್ಪುಗಟ್ಟುವಿಕೆಗಳ ತೊಂದರೆ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳುವುದುಂಟು.

ನೀರನ್ನು ಅರ್ಧ ಗಂಟೆಗೊಮ್ಮೆಯಾದರೂ ಸ್ವಲ್ಪ ಸ್ವಲ್ಪವಾಗಿ ಕೊಡಿ. ನಿಂತ ನೀರಿನಿಂದ ದೂರವಿಡಿ, ಅದರಲ್ಲೂ ಹಸಿರು ಬಣ್ಣ ಕಲಕಿದಂತೆ ಕೆನೆಗಟ್ಟಿದ ಕೆರೆಯ ಹತ್ತಿರ ಸುಳಿಯಲೂ ಬಿಡಬೇಡಿ. ಅದು ನೀಲಿ-ಹಸಿರು ಪಾಚಿ ಎಂದು ಕರೆಯುವ ಸಯನೋಬ್ಯಾಕ್ಟೀರಿಯಾ ಆಗಿರಬಹುದು. ಅದರಲ್ಲಿ ಕೆಲವು ಬಗೆಗಳ ವಿಷ ನಾಯಿಯನ್ನು ಗಂಟೆಗಳೊಳಗೆ ಕೊಲ್ಲಬಲ್ಲದು, ಈಜಿ ಬಂದು ತುಪ್ಪಳ ನೆಕ್ಕಿಕೊಂಡರೂ ಸಾಕು.

ಬಂಡೆ, ಟಾರು ರಸ್ತೆ, ಮರಳು ಕಾದಿದೆಯೇ ಎಂದು ತಿಳಿಯಲು ಅಂಗೈಯ ಹಿಂಭಾಗವನ್ನು ಏಳು ಸೆಕೆಂಡ್ ಒತ್ತಿ ಹಿಡಿಯಿರಿ. ನಿಮಗೆ ತಾಳಲಾಗದಿದ್ದರೆ ನಾಯಿಗೂ ತಾಳದು. ಪ್ರತಿ ನಿಲುಗಡೆಯಲ್ಲೂ ನಾಲ್ಕೂ ಅಂಗಾಲುಗಳನ್ನು ಎತ್ತಿ, ಬೆರಳುಗಳ ಸಂದನ್ನು ಬಿಡಿಸಿ ನೋಡುವ ಅಭ್ಯಾಸವಾಗಲಿ. ಮುಳ್ಳು, ಚೂಪುಕಲ್ಲಿನಷ್ಟೇ ಕಾಟ ಕೊಡುವುದು ಒಣಹುಲ್ಲಿನ ಬೀಜ. ಒಂದೇ ದಿಕ್ಕಿಗೆ ಬಾಗಿದ ಮುಳ್ಳುಕೂದಲಿರುವ ಕೆಲವು ಬೀಜಗಳು ಬೆರಳ ಸಂದಿಗೆ, ಕಿವಿಗೆ, ಮೂಗಿಗೆ ಹೊಕ್ಕರೆ ಒಳಗೊಳಗೇ ಸರಿಯುತ್ತವೆ, ಹಿಂದಕ್ಕೆ ಬರುವುದಿಲ್ಲ. ನಾಯಿ ಒಂದೇ ಸಮನೆ ತಲೆ ಕೊಡವಿದರೆ, ಸೀನಿದರೆ, ಒಂದೇ ಪಾದವನ್ನು ನೆಕ್ಕುತ್ತಿದ್ದರೆ ಅನುಮಾನಿಸಬೇಕು. ಅಂಗಾಲು ಹರಿದರೆ ಸಲೈನ್‌ನಿಂದ ತೊಳೆದು, ಗಾಜ್ ಇಟ್ಟು, ಬ್ಯಾಂಡೇಜನ್ನು ಬಿಗಿಯಾಗದಂತೆ ಸುತ್ತಿ, ಮೇಲೆ ಹಳೆಯ ಕಾಲುಚೀಲ ತೊಡಿಸಿ, ಹಿಂದಿರುಗಲು ಇರುವ ಅತ್ಯಂತ ಸಣ್ಣ ದಾರಿಯನ್ನು ಹಿಡಿಯಿರಿ.

ಹಾವು ಕಚ್ಚಿತೆಂಬ ಅನುಮಾನವಿದ್ದರೆ ಗಾಯವನ್ನು ಕೊಯ್ಯುವುದು, ಹೀರುವುದು, ಮೇಲೆ ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ಅಥವಾ ಬಟ್ಟೆಯ ಜೋಲಿಯಲ್ಲಿ ಹೊತ್ತು, ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಅಲ್ಲಿ ಪ್ರತಿವಿಷ ಇದೆಯೇ ಎಂದು ಕೇಳುತ್ತ ಹೊರಡಬೇಕು. ಹಾವನ್ನು ಹುಡುಕಿ ಹಿಡಿಯುವ ಸಾಹಸಕ್ಕೆ ಇಳಿಯಬಾರದು.

ದನ, ಕುರಿ, ಕಾಡುಪ್ರಾಣಿ ಮತ್ತು ಇತರ ಚಾರಣಿಗರು

ಹಳ್ಳಿಗಾಡಿನ ದಾರಿ ನಮಗೆ ವಿಹಾರ, ಅಲ್ಲಿಯವರಿಗೆ ಬದುಕು. ಕುರಿಹಿಂಡಿನ ಹಿಂದೆ ನಾಯಿ ಆಟಕ್ಕೆಂದು ಓಡಿದರೂ ಗಬ್ಬದ ಕುರಿಗಳು ಗಾಬರಿಗೆ ಕಂದು ಹಾಕುತ್ತವೆ, ಕೆಲವು ಓಡುವ ರಭಸಕ್ಕೆ ಬೇಲಿಗೆ ಸಿಕ್ಕಿ ಸಾಯುತ್ತವೆ. ಸಾಕುಪ್ರಾಣಿಗಳು ಕಣ್ಣಿಗೆ ಬೀಳುವ ಮೊದಲೇ, ಅವು ಇರಬಹುದೆಂಬ ಸುಳಿವು ಸಿಕ್ಕಾಗಲೇ ಲೀಶ್ ಗಿಡ್ಡವಾಗಿ ಹಿಡಿಯಬೇಕು. ತೆರೆದಿದ್ದ ಗೇಟು ತೆರೆದೇ ಇರಲಿ, ಮುಚ್ಚಿದ್ದನ್ನು ದಾಟಿದ ಮೇಲೆ ಮುಚ್ಚಿರಿ.

ದನಗಳ ಬಯಲಿನಲ್ಲಿ ನಿಯಮ ಸ್ವಲ್ಪ ಬೇರೆ. ಕರುವಿರುವ ಹಸು ನಾಯಿಯನ್ನು ಶತ್ರುವೆಂದೇ ತಿಳಿಯುತ್ತದೆ, ಮನುಷ್ಯನ ಮೇಲೆ ಅದಕ್ಕೆ ಅಂತಹ ಕೋಪವಿಲ್ಲ. ಸಾಧ್ಯವಾದಷ್ಟು ದೂರದಿಂದ ಬಳಸಿ, ತಾಯಿ ಮತ್ತು ಕರುವಿನ ನಡುವೆ ಹಾಯದೆ, ಸದ್ದಿಲ್ಲದೆ ದಾಟಿರಿ. ದನಗಳು ನಿಜವಾಗಿಯೂ ಮೇಲೆರಗಿ ಬಂದರೆ ಲೀಶ್ ಬಿಟ್ಟುಬಿಡಿ. ನಾಯಿಯನ್ನು ಕಾಪಾಡಲೆಂದು ಎತ್ತಿಕೊಳ್ಳುವುದೇ ಸಹಜವಾಗಿ ತೋಚುವ ದಾರಿ, ಆದರೆ ಅದರಿಂದ ತುಳಿತಕ್ಕೆ ಸಿಗುವವರು ನೀವು. ನಾಯಿ ದನಕ್ಕಿಂತ ವೇಗವಾಗಿ ಓಡಿ ಪಾರಾಗುತ್ತದೆ, ನೀವು ಪಕ್ಕಕ್ಕೆ ಸರಿದು ಹೊರಬಿದ್ದ ಮೇಲೆ ಬಂದು ಸೇರುತ್ತದೆ.

ಇಕ್ಕಟ್ಟಾದ ದಾರಿಯಲ್ಲಿ ಎದುರಿಗೆ ಯಾರಾದರೂ ಬಂದರೆ ನಾಯಿಯನ್ನು ನಿಮ್ಮ ಹೊರಬದಿಗೆ ಎಳೆದುಕೊಂಡು ನಿಂತು ದಾರಿ ಬಿಡಿ. "ನಮ್ಮ ನಾಯಿ ಏನೂ ಮಾಡುವುದಿಲ್ಲ" ಎಂದು ದೂರದಿಂದ ಕೂಗಿ ಹೇಳುವುದು ನಾಯಿಯ ಭಯವಿರುವವರಿಗೆ ಸಮಾಧಾನ ಕೊಡುವುದಿಲ್ಲ, ಲೀಶ್ ಕೈಯಲ್ಲಿರುವುದು ಕಂಡರೆ ಕೊಡುತ್ತದೆ.

ನಾಯಿಯ ಮಲವನ್ನು ಬಯಲಿನಲ್ಲಿ ಬಿಡುವವರು ಅದು ಗೊಬ್ಬರವೆಂದು ವಾದಿಸುವುದುಂಟು. ನಿಯೋಸ್ಪೋರಾ ಎಂಬ ಪರಾವಲಂಬಿ ಜೀವಿ ನಾಯಿಯ ಮಲದಿಂದ ಮೇವಿಗೆ ಸೇರಿ ಹಸುಗಳಲ್ಲಿ ಗರ್ಭಪಾತಕ್ಕೆ ಕಾರಣವಾಗುತ್ತದೆ ಎಂಬುದು ಈ ವಾದಕ್ಕೆ ಉತ್ತರ. ಚೀಲದಲ್ಲಿ ಕಟ್ಟಿ ಹಿಂದಕ್ಕೆ ತರುವುದೇ ಸರಿ. ಜನವಸತಿ, ಮೇವು ಎರಡೂ ಇಲ್ಲದ ದೂರದ ಕಾಡಿನಲ್ಲಿ, ಅಲ್ಲಿನ ನಿಯಮ ಒಪ್ಪುವುದಾದರೆ, ನೀರಿನಿಂದ ಎಪ್ಪತ್ತು ಹೆಜ್ಜೆಗೂ ಹೆಚ್ಚು ದೂರದಲ್ಲಿ ಒಂದು ಗೇಣಿನಷ್ಟು ಆಳಕ್ಕೆ ಹೂಳಬಹುದು. ಕಟ್ಟಿದ ಚೀಲವನ್ನು ಮರದ ಕೊಂಬೆಗೆ ನೇತುಹಾಕಿ "ಬರುವಾಗ ಒಯ್ಯುತ್ತೇನೆ" ಎನ್ನುವುದು ಬಯಲಿನಲ್ಲಿ ಬಿಡುವುದಕ್ಕಿಂತಲೂ ಕೆಟ್ಟ ಪದ್ಧತಿ.

ರಾತ್ರಿಯ ಬಿಡಾರ

ಕೋಣೆಯಾಗಲಿ ಡೇರೆಯಾಗಲಿ, ಮನೆಯಲ್ಲಿ ನಾಯಿ ಮಲಗುವ ಹಾಸಿಗೆಯನ್ನೋ ಹೊದಿಕೆಯನ್ನೋ ಒಗೆಯದೆ ಹಾಗೆಯೇ ತಂದಿರಿ. ಹೊಸ ಜಾಗದಲ್ಲಿ ಪರಿಚಿತ ವಾಸನೆಯೊಂದಿದ್ದರೆ ಅದು ಬೇಗ ನಿದ್ದೆಗೆ ಇಳಿಯುತ್ತದೆ. ಕೋಣೆಯಲ್ಲಿ ಒಂಟಿಯಾಗಿ ಬಿಟ್ಟು ಊಟಕ್ಕೆ ಹೋಗಬೇಡಿ, ಬಾಗಿಲು ಕೆರೆಯುವುದು, ಊಳಿಡುವುದು ಶುರುವಾಗುವುದು ಆಗಲೇ. ಡೇರೆಯಲ್ಲಾದರೆ ನಾಯಿಯ ಅಡಿಗೂ ದಪ್ಪ ಚಾಪೆ ಬೇಕು, ನೆಲದ ತಂಪು ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ಮಳೆಯಲ್ಲಿ ನೆಂದ ನಾಯಿಯನ್ನು ಚರ್ಮದವರೆಗೂ ಒರೆಸಿ ಒಣಗಿಸಿಯೇ ಮಲಗಿಸಿ. ತೇವ ಮತ್ತು ಗಾಳಿ ಸೇರಿದರೆ ಚಳಿಗಾಲವಲ್ಲದಿದ್ದರೂ ಮೈ ಅಪಾಯಕಾರಿಯಾಗಿ ತಣ್ಣಗಾಗಬಹುದು. ನಡುಕ, ಮಂಕು, ಎಡವುವ ಹೆಜ್ಜೆ ಅದರ ಗುರುತು. ರಾತ್ರಿ ಹೊರಗೆ ಕಟ್ಟಿಹಾಕುವುದು, ಕಾಡುಪ್ರಾಣಿಗಳ ಓಡಾಟವಿರುವ ಕಡೆ, ನಾಯಿಯನ್ನು ಅವುಗಳ ಬಾಯಿಗೆ ಕೊಟ್ಟಂತೆ.

ಮಲಗುವ ಮೊದಲು ಬೆಳಕಿನಲ್ಲಿ ಮೈ ತಡಕಬೇಕು. ಕಿವಿಯ ಒಳಗೆ, ರೆಪ್ಪೆಯ ಸುತ್ತ, ಕೊರಳಪಟ್ಟಿಯ ಅಡಿ, ಕಂಕುಳು, ತೊಡೆಸಂದು, ಬೆರಳ ನಡುವೆ, ಬಾಲದ ಬುಡ, ಉಣುಗುಗಳು ಕೂರುವುದು ಇಲ್ಲೇ. ಸಿಕ್ಕಿದರೆ ಚಿಮಟದ ತುದಿಯಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ಹೊಟ್ಟೆಯನ್ನು ಹಿಸುಕದೆ, ನಿಧಾನವಾಗಿ ನೇರಕ್ಕೆ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಹಳೆಯ ರೂಢಿ. ಅದರಿಂದ ಉಣುಗು ತನ್ನ ಹೊಟ್ಟೆಯಲ್ಲಿದ್ದುದನ್ನು ಗಾಯದೊಳಗೇ ಕಾರುವ ಸಂಭವವಿದೆ. ಲೈಮ್ ಕಾಯಿಲೆಯ ರೋಗಾಣು ನಾಯಿಗೆ ದಾಟಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಸಮಯ ಬೇಕಾಗುವುದರಿಂದ, ಪ್ರತಿ ಸಂಜೆ ತಪ್ಪದೆ ಮಾಡುವ ಹದಿನೈದು ನಿಮಿಷದ ಈ ತಪಾಸಣೆಗೆ ಬಹಳ ಬೆಲೆಯಿದೆ.

ಎರಡನೆಯ ದಿನ ಮತ್ತು ಮನೆಗೆ ಬಂದ ಮೇಲೆ

ಎರಡನೆಯ ದಿನದ ದಾರಿ ಮೊದಲನೆಯ ದಿನದ ಅರ್ಧದಷ್ಟೇ ಇರಲಿ. ಬೆಳಿಗ್ಗೆ ನಾಯಿ ಏಳುವಾಗ ಕುಂಟಿದರೆ, ಬೆನ್ನು ಗೂನಾಗಿಸಿ ನಿಂತರೆ, ಅಂಗಾಲು ಮುಟ್ಟಲು ಬಿಡದಿದ್ದರೆ, ಯೋಜನೆಯನ್ನು ಅಲ್ಲಿಗೇ ಕೈಬಿಟ್ಟು ಬಿಡಾರದ ಸುತ್ತಮುತ್ತಲೇ ದಿನ ಕಳೆಯಿರಿ. ಹತ್ತು ನಿಮಿಷ ನಿಧಾನವಾಗಿ ಅಡ್ಡಾಡಿಸಿದ ಮೇಲೆ ಬಿಗಿತ ಹೋದರೆ ಅದು ಬರಿಯ ಮೈಕೈ ನೋವು, ಹೋಗದಿದ್ದರೆ ಗಾಯ.

ಮನೆಗೆ ಮರಳಿದ ಮೇಲೆ ಒಂದೆರಡು ದಿನ ಸಣ್ಣ ನಡಿಗೆ ಸಾಕು. ಹಾರ್ನೆಸ್, ಲೀಶ್, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ, ಉಣುಗು ಮನೆಯೊಳಗೆ ಬರುವುದು ಅವುಗಳ ಮೂಲಕವೂ. ಮೈ ತಡಕುವುದನ್ನು ಇನ್ನೂ ಎರಡು ಮೂರು ದಿನ ಮುಂದುವರಿಸಿ, ಬರಿಗಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣದಿದ್ದ ಮರಿ ಉಣುಗು ರಕ್ತ ಕುಡಿದು ಉಬ್ಬಿದ ಮೇಲೆ ಕೈಗೆ ಸಿಗುತ್ತದೆ. ಮುಂದಿನ ಕೆಲವು ವಾರಗಳಲ್ಲಿ ಜ್ವರ, ಊಟ ಸೇರದಿರುವುದು, ಕಾಲು ಬದಲಿಸಿ ಕುಂಟುವುದು, ಒಸಡು ಬಿಳಿಚಿಕೊಳ್ಳುವುದು, ಕಂದುಬಣ್ಣದ ಮೂತ್ರ, ಬಿಡದ ಭೇದಿ, ಇವುಗಳಲ್ಲಿ ಯಾವುದು ಕಂಡರೂ ವೈದ್ಯರ ಬಳಿ ಹೋಗಿ, ನಾಯಿ ಇಂತಹ ದಿನ ಇಂತಹ ಕಡೆ ಹುಲ್ಲಿನಲ್ಲಿ ನಡೆದಿತ್ತು, ಇಂತಹ ನೀರು ಕುಡಿದಿತ್ತು ಎಂದು ನೀವಾಗಿಯೇ ಹೇಳಿ. ಯಾವ ಪರೀಕ್ಷೆ ಮಾಡಿಸಬೇಕೆಂದು ಅವರು ತೀರ್ಮಾನಿಸುವುದು ಬಹುಮಟ್ಟಿಗೆ ಆ ಮಾಹಿತಿಯ ಮೇಲೆಯೇ.